ಪುಟ್ಟಿ, ಗ್ರಾಂ ಲೆಕ್ಕದಲ್ಲಿ ಸೆವೆನ್ ಕಪ್ ಬರ್ಫಿ ಮಾಡ್ಬೇಡ

ಹಲೋ... ಪುಟ್ಟಿ, ದೊಡ್ಡಮ್ಮ ಕಣೇ. ನಿನ್ನ ಮೆಸೇಜು ಈಗ ನೋಡ್ದೆ. ಮ್ಯೂನಿಕ್ಕಲ್ಲಿ ಅಳತೆ ಕಪ್ಪೇ ಇಲ್ಲ, ತೂಕದ ಮಷೀನೊಂದೇ ಇರೋದು, ನಾಳೆ ಸೆವೆನ್ ಕಪ್‌ಗೆ ಕಡಲೆಹಿಟ್ಟು, ಕಾಯಿತುರಿ, ಹಾಲು, ತುಪ್ಪ ಎಲ್ಲಾ 100 ಗ್ರಾಂ, ಸಕ್ಕರೆ 300 ಗ್ರಾಂ ಹಾಕ್ಲಾ ಅಂದಿದೀಯ. ಅಯ್ಯೋ, ಬೇಡ್ವೇ ಬೇಡ! ಕಪ್ ಅಂದ್ರೆ ಕಪ್ಪು, ತೂಕ ಅಲ್ಲ.

ನಾನು ಹಾಗೇ ಮಾಡಿ ಕೆಟ್ಟಿದೀನಿ. 1984, ನಮ್ಮ ಕಿಟ್ಟಿ ನಾಮಕರಣ. ಅತ್ತೆ ಕಾಲುನೋವು ಅಂತ ಒಳಗೆ ಮಲಗಿದ್ರು. ನಾನೇ ಜಾಣೆ ಅಂದ್ಕೊಂಡು ನಿಮ್ಮ ದೊಡ್ಡಪ್ಪನ ಕೈಲಿ ಕಡಲೆಹಿಟ್ಟು ಅರ್ಧ ಕೆಜಿ, ತುಪ್ಪ ಅರ್ಧ ಕೆಜಿ, ಸಕ್ಕರೆ ಒಂದೂವರೆ ಕೆಜಿ ತರಿಸ್ದೆ. ಕಾಯಿತುರೀನೂ ಶೆಟ್ಟರ ಅಂಗಡಿ ತಕ್ಕಡೀಲಿ ಹಾಕಿ ಅರ್ಧ ಕೆಜಿ ಮಾಡ್ಸಿದ್ದಾಯ್ತು. ಹಾಲು ಅರ್ಧ ಲೀಟ್ರು. ಒಂದು, ಒಂದು, ಒಂದು, ಒಂದು, ಮೂರು... ಏಳು ಬಂತಲ್ಲ! ಬಾಂಡ್ಲೀಲಿ ಹಾಕಿ ಕಾಲು ಗಂಟೆ ಆಗಿಲ್ಲ, ಸೌಟು ನಿಂತಲ್ಲೇ ನಿಂತ್ಕೊಳ್ತು. ತಿರುವಕ್ಕಾಗಲ್ಲ, ತಳ ಹತ್ಕೊಳ್ತಿದೆ, ಹಿಟ್ಟಿನ ಹಸಿ ವಾಸನೆ ಬೇರೆ. ಅತ್ತೆ ಕುಂಟ್ಕೊಂಡು ಬಂದು ನೋಡಿ, "ಏನಮ್ಮಾ, ಮುದ್ದೆ ತೊಳಸ್ತಿದೀಯಾ?" ಅಂದ್ರು. ಬಂದೋರ ಮುಂದೆ! ಅರ್ಧ ಕೆಜಿ ಕಡಲೆಹಿಟ್ಟು ಅಂದ್ರೆ ಐದು ಕಪ್ಪಾಗುತ್ತೆ, ಅರ್ಧ ಲೀಟ್ರು ಹಾಲು ಎರಡೇ ಕಪ್ಪು ಚಿಲ್ಲರೆ. ಐದು ಕಪ್ ಹಿಟ್ಟಿಗೆ ಹದಿನೈದು ಕಪ್ ಸಕ್ಕರೆ ಬೇಕು, ನಾನು ಹಾಕಿದ್ದು ಏಳೂವರೆ. ಆಮೇಲೆ ಅತ್ತೆ ಕೂರಿಸ್ಕೊಂಡು ಹೇಳಿದ್ರು, ಅವರ ಕಾಲದಲ್ಲೂ ತೂಕದ ಸೇರೇ ಬೇರೆ, ಅಳತೆ ಸೇರೇ ಬೇರೆ ಇತ್ತಂತೆ. ಕಿಲೋ ಬಂದಿದ್ದು 1958ರಲ್ಲಿ, ಅದಾದ್ಮೇಲೂ ಅವರು ಅಡುಗೆಮನೇಲಿ ಪಾವು, ಅಚ್ಚೇರು ಬಿಡ್ಲಿಲ್ಲ.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, 100 ಗ್ರಾಂ ಹಿಟ್ಟಿಗೆ 300 ಗ್ರಾಂ ಸಕ್ಕರೆ ಹಾಕ್ಬೇಡ. ಕಪ್ಪು ಬೇರೆ, ತೂಕ ಬೇರೆ.

ಆ ಪಾವಿನ ಮಾತು ಬಂತು ನೋಡು, ಹೊಟ್ಟೆ ಉರಿಯುತ್ತೆ ನಂಗೆ. ಅತ್ತೆಯ ಹಿತ್ತಾಳೆ ಪಾವು, ಸೇರು, ಎರಡೂ ಹಾಸನದ ಮನೆ ಪಾಲಾದಾಗ ಎಲ್ಲಿಗೆ ಹೋಯ್ತು ಅಂತ ಈ ಗ್ರೂಪಲ್ಲಿ ಎಲ್ರಿಗೂ ಗೊತ್ತು. ಮೂವತ್ತು ವರ್ಷ ಅದರಲ್ಲಿ ಅಕ್ಕಿ ಅಳೆದೋಳು ನಾನು. "ನಿಂಗೆ ಬೇಕಾ" ಅಂತ ಒಂದು ಮಾತು ಕೇಳಿದ್ರಾ? ಈಗ ಶೋಕೇಸಲ್ಲಿ ಪ್ಲಾಸ್ಟಿಕ್ ಹೂವು ಸಿಕ್ಕಿಸಿ ಇಟ್ಟಿದಾರೆ. ಕುಳ್ಳಿ, ನೀನೂ ಇದನ್ನ ಕೇಳಿಸ್ಕೊಳ್ತಿರ್ತೀಯ, ಕೇಳಿಸ್ಕೋ! ಅಳೆಯೋ ವಸ್ತುವಲ್ಲಿ ಹೂವು ಇಡ್ತಾರಾ ಯಾರಾದ್ರೂ? ಹೋಗ್ಲಿ ಬಿಡು, ನಾನ್ಯಾಕೆ ಮಾತಾಡ್ಲಿ...

ಏನೋ ಹೇಳಕ್ಕೆ ಬಂದೆ... ಹಾಂ, ನಿನ್ನ ತೂಕ. ಕಪ್ಪೇ ಬೇಕಾಗಿಲ್ಲ ಕಣೇ, ಮನೇಲಿರೋ ಯಾವುದಾದ್ರೂ ಒಂದು ಲೋಟ ತಗೋ, ಏಳಕ್ಕೂ ಅದೇ ಲೋಟ. ಇಲ್ಲ, ತೂಕಾನೇ ಬೇಕು ಅಂದ್ರೆ ಬರ್ಕೋ. 240 ಎಂ.ಎಲ್. ಕಪ್ಪಿಗೆ ಜರಡಿ ಹಿಡಿದ ಕಡಲೆಹಿಟ್ಟು ಹೆಚ್ಚುಕಮ್ಮಿ 100 ಗ್ರಾಂ, ಕಾಯಿತುರಿ ಅದುಮದೆ 80, ತುಪ್ಪ 215, ಸಕ್ಕರೆ ಕಪ್ಪಿಗೆ 200ರಂತೆ ಮೂರಕ್ಕೆ 600. ಹಾಲು 240 ಎಂ.ಎಲ್., ಅದನ್ನ ತೂಗಿದ್ರೂ ಸುಮಾರು ಅಷ್ಟೇ. ನಿನ್ನ ಲೋಟ ಎಷ್ಟು ಹಿಡಿಯುತ್ತೆ ಅಂತ ನೋಡಕ್ಕೆ ಮಷೀನ್ ಮೇಲೆ ಲೋಟ ಇಟ್ಟು, ಸೊನ್ನೆ ಮಾಡಿ, ನೀರು ತುಂಬು. ನೀರು ಎಷ್ಟು ಗ್ರಾಮೋ ಅಷ್ಟೇ ಎಂ.ಎಲ್. ರೈಸ್ ಕುಕ್ಕರ್ ಜೊತೆ ಬರೋ ಕಪ್ಪಿದ್ರೆ ಅದು 180 ಎಂ.ಎಲ್. ಇರುತ್ತೆ, ಅದೂ ಆಗುತ್ತೆ, ಆದ್ರೆ ಸಕ್ಕರೆಗೆ ಬಂದಾಗ ಬೇರೆ ದೊಡ್ಡ ಬಟ್ಲು ಹುಡುಕ್ಬೇಡ.

ಬಾಂಡ್ಲಿ ಅಂಚು ಬಿಟ್ಟು ನೊರೆ ಬಂದ ತಕ್ಷಣ ತಟ್ಟೆಗೆ ಸುರಿ. ಇಲ್ಲಿ ಹಾಲು ಉಕ್ತಿದೆ, ಇಡ್ತೀನಿ. ಮಾಡಿದ್ಮೇಲೆ ಫೋಟೋ ಇಲ್ಲೇ ಗ್ರೂಪಿಗೆ ಹಾಕು, ಕುಳ್ಳೀನೂ ನೋಡ್ಲಿ.