ಗಾಜಿನ ಫೋನು, ರಬ್ಬರಿನ ಅಂಗಿ

"ಮುಖ ಅಡಿಯಾಗಿ ಬಿತ್ತೋ, ಮೂಲೆ ಊರಿ ಬಿತ್ತೋ?" ಕಿಟ್ಟಿ ವಿಚಾರಣೆ ಶುರು ಮಾಡಿದ.

ಸೀನ ಮಾತಾಡಲಿಲ್ಲ. ಫೋನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಬಲ ಮೂಲೆಯಿಂದ ಹೊರಟ ಬಿರುಕು ಕವಲೊಡೆಯುತ್ತಾ ಅರ್ಧ ಸ್ಕ್ರೀನಿನವರೆಗೆ ಬಂದಿತ್ತು.

"ಮೂಲೆ," ಎಂದು ಕಿಟ್ಟಿ ತಾನೇ ತೀರ್ಪು ಕೊಟ್ಟ. "ಹೊಡೆತವೆಲ್ಲ ಒಂದೇ ಚುಕ್ಕಿಯಲ್ಲಿ ಸೇರಿಬಿಡುತ್ತದೆ. ಅಗಲಕ್ಕೆ ಬಿದ್ದಿದ್ದರೆ ಉಳಿಯುತ್ತಿತ್ತೋ ಏನೋ. ಅದಿರಲಿ, ಕವರ್ ಹಾಕಿರಲಿಲ್ವಾ?"

"ಹಾಕಿತ್ತು. ನೀನೇ ಹೇಳಿದ್ದಲ್ಲ, ಮಿಲಿಟರಿ ಗ್ರೇಡ್ ಅಂತ."

"ಟೆಂಪರ್ಡ್ ಗ್ಲಾಸ್?"

"ಅದೂ ಇತ್ತು. ಈಗಲೂ ಇದೆ ನೋಡು. ಅದಕ್ಕೆ ಒಂದು ಗೀರೂ ಬಿದ್ದಿಲ್ಲ."

ಅಷ್ಟು ಹೊತ್ತು ಸುಮ್ಮನಿದ್ದ ನಾಣಿ ಬಗ್ಗಿ ನೋಡಿದ. "ಹೌದಲ್ಲಯ್ಯಾ! ದುಬಾರಿ ಸ್ಕ್ರೀನು ಒಡೆದು ಅಗ್ಗದ ಗಾಜನ್ನು ಉಳಿಸಿಕೊಂಡಿದ್ದೀಯ. ಮುಂದಿನ ಸಲ ಸ್ಕ್ರೀನನ್ನು ತಂದು ಇದರ ಮೇಲೆ ಅಂಟಿಸು. ಕಾಪಾಡಿಕೊಳ್ಳಬೇಕಾದ್ದು ಇದನ್ನೇ."

"ತಮಾಷೆ ಬೇಡ," ಎಂದ ಕಿಟ್ಟಿ. "ಅದು 9ಎಚ್. ಡಬ್ಬದ ಮೇಲೇ ಬರೆದಿರುತ್ತದೆ. ವಜ್ರ 10 ಅಂದರೆ ಇದು 9. ನೀಲಮಣಿಗೆ ಸಮ."

ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು. ಇನ್ನು ಪಾಠ ತಪ್ಪಿದ್ದಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. "ವಜ್ರ 10, ನೀಲಮಣಿ 9 ಅನ್ನೋದು ಕಲ್ಲುಗಳ ಗಡಸುತನದ ಲೆಕ್ಕ, ಮೋಸ್ ಮಾಪನ. ಈ 9ಎಚ್ ಪೆನ್ಸಿಲಿನ ಲೆಕ್ಕ ಕಣಪ್ಪಾ. ಎಚ್‌ಬಿ, 2ಬಿ, 2ಎಚ್ ಅಂತ ಪೆನ್ಸಿಲ್ ಬರುತ್ತದಲ್ಲ, ಅದರಲ್ಲಿ ಬಹಳ ಗಟ್ಟಿ ಸೀಸದ್ದು 9ಎಚ್. ಅದರಿಂದ ಗೀಚಿದರೂ ಗೆರೆ ಬೀಳುವುದಿಲ್ಲ ಅಂತ ಅರ್ಥ. ಅಷ್ಟೇ."

"ಅಂದರೆ ಯಾರಾದರೂ ಪೆನ್ಸಿಲ್ ಹಿಡಿದು ಮೇಲೆ ಬಿದ್ದರೆ ಸೀನನ ಫೋನಿಗೆ ಏನೂ ಆಗುವುದಿಲ್ಲ," ಎಂದ ನಾಣಿ. "ಕಿಟ್ಟಿ, ಡ್ರಾಯಿಂಗ್ ಮೇಷ್ಟ್ರುಗಳಿಂದ ನಮ್ಮನ್ನು ಕಾಪಾಡಿದೆ. ಋಣ ತೀರಿಸೋಕಾಗಲ್ಲ."

ಕಿಟ್ಟಿ ಸೋಲುವ ಆಸಾಮಿಯಲ್ಲ. ಗಾಜನ್ನು ಬಿಟ್ಟು ಕವರಿಗೆ ಹಾರಿದ. "ಸರಿ, ಅದು ಪೆನ್ಸಿಲ್ ಅನ್ನಿ. ಮಿಲಿಟರಿ ಗ್ರೇಡ್ ಸುಳ್ಳಾ? ಅಮೆರಿಕದ ಸೈನ್ಯದ ಪರೀಕ್ಷೆ, ಮಿಲ್ ಸ್ಟ್ಯಾಂಡರ್ಡ್ 810. ನಾಲ್ಕು ಅಡಿ ಎತ್ತರದಿಂದ 26 ಸಲ ಬೀಳಿಸುತ್ತಾರೆ. ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಲೆಕ್ಕ ಹಾಕಿ ಬೇಕಾದರೆ."

"ಎಲ್ಲಿಗೆ ಬೀಳಿಸುತ್ತಾರೆ?" ಇದು ವನಜಕ್ಕ. ಅವಳು ಕೇಳುವುದೇ ಅಪರೂಪ. ಕೇಳಿದರೆ ಉತ್ತರ ಅವಳ ಹತ್ತಿರ ಇದ್ದೇ ಇರುತ್ತದೆ.

"ಎಲ್ಲಿಗೆ ಅಂದರೆ? ನೆಲಕ್ಕೆ."

"ಪ್ಲೈವುಡ್ಡಿಗೆ. ಎರಡು ಇಂಚು ದಪ್ಪದ ಪ್ಲೈವುಡ್, ಅದರ ಕೆಳಗೆ ಕಾಂಕ್ರೀಟ್. ಅದೂ 26 ಸಲವೂ ಒಂದೇ ಪೀಸು ಬೀಳಬೇಕು ಅಂತೇನಿಲ್ಲ. ಐದು ಪೀಸುಗಳ ನಡುವೆ ಹಂಚಿಕೊಳ್ಳಬಹುದು. ಪಾಸಾಯಿತು ಅಂತ ಸೈನ್ಯದವರು ಬಂದು ಸೀಲು ಹಾಕುವುದೂ ಇಲ್ಲ. ಕಂಪನಿಯವರೇ ಪರೀಕ್ಷೆ ಮಾಡಿಸಿ ತಾವೇ ಹೇಳಿಕೊಳ್ಳುತ್ತಾರೆ."

ನಾಣಿಗೆ ಖುಷಿಯೋ ಖುಷಿ. "ಬೀಳುವುದಕ್ಕೆ ಪಾಂಡವರ ಹಾಗೆ ಐದು ಜನ! ಇವನ ಫೋನು ಒಂಟಿ ಪ್ರಾಣಿ. ಹಂಚಿಕೊಳ್ಳೋಕೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಸೀನ, ತಪ್ಪು ನಿನ್ನದೇ. ಹೋದಲ್ಲೆಲ್ಲ ಪ್ಲೈವುಡ್ ಹಾಸಿಕೊಂಡು ನಡೆಯಬೇಕಿತ್ತು."

"ನೀವೆಲ್ಲ ಸೇರಿ ನನ್ನ ಫೋನ್ ರಿಪೇರಿ ಮಾಡುತ್ತೀರೋ, ನನ್ನನ್ನು ಮಾಡುತ್ತೀರೋ?" ಎಂದ ಸೀನ. "ಹಿಡಿಯೋಕೆ ಹೋದೆ ಕಣ್ರೋ. ಕಾಲು ಕೊಟ್ಟೆ. ಪಾದದ ಮೇಲೆ ಬಿದ್ದರೆ ಉಳಿಯುತ್ತದೆ ಅಂತ ಯಾರೋ ಹೇಳಿದ್ದರು."

"ಬಿತ್ತಾ?"

"ಇಲ್ಲ. ಒದ್ದ ಹಾಗಾಯಿತು."

ಇದಕ್ಕೆ ಯಾರೂ ನಗಬಾರದಿತ್ತು. ಮೇಷ್ಟ್ರೇ ಮೊದಲು ನಕ್ಕರು. ಆಮೇಲೆ ಸಮಾಧಾನಕ್ಕೆ ಲೆಕ್ಕ ಹೇಳಿದರು. "ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಅರ್ಧ ಸೆಕೆಂಡೂ ಬೇಡ, 0.45 ಸೆಕೆಂಡ್ ಸಾಕು. ಕಣ್ಣು ನೋಡಿ ಕೈ ಅಲ್ಲಾಡುವುದಕ್ಕೇ ಅದರಲ್ಲಿ ಅರ್ಧ ಹೊತ್ತು ಹೋಗುತ್ತದೆ. ನೆಲಕ್ಕೆ ಬಡಿಯುವಾಗ ವೇಗ ಗಂಟೆಗೆ 16 ಕಿಲೋಮೀಟರ್. ಹಿಡಿಯಲಾಗಲಿಲ್ಲ ಅಂತ ಕೊರಗಬೇಡ."

"ಅದೇನೋ ಮುಖ ಅಡಿಯಾಗಿಯೇ ಬೀಳುತ್ತದಲ್ಲ ಮೇಷ್ಟ್ರೇ, ಯಾಕೆ? ನಮ್ಮ ಹಣೆಬರಹವಾ?"

"ಅದಕ್ಕೂ ಲೆಕ್ಕ ಇದೆ. ಬೆಣ್ಣೆ ಸವರಿದ ಬ್ರೆಡ್ಡು ಮೇಜಿನಿಂದ ಜಾರಿದರೆ ಬೆಣ್ಣೆಯ ಕಡೆಯೇ ಯಾಕೆ ನೆಲಕ್ಕೆ ಬೀಳುತ್ತದೆ ಅಂತ ರಾಬರ್ಟ್ ಮ್ಯಾಥ್ಯೂಸ್ ಅನ್ನುವವರು 1995ರಲ್ಲಿ ಪ್ರಬಂಧವನ್ನೇ ಬರೆದರು. ಮರುವರ್ಷ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ. ಅಂಚಿನಿಂದ ಜಾರುವಾಗಲೇ ತಿರುಗಲು ಶುರುವಾಗುತ್ತದೆ. ಮೇಜಿನ ಎತ್ತರ ಅರ್ಧ ಪಲ್ಟಿಗೆ ಸಾಕು, ಪೂರ್ತಿ ಪಲ್ಟಿಗೆ ಸಾಲದು. ಮೇಲೆ ಇದ್ದದ್ದು ಕೆಳಗೆ. ಫೋನೂ ಜಾರುವುದು ಹೆಚ್ಚು ಕಡಿಮೆ ಹಾಗೇ."

ಕಿಟ್ಟಿಗೆ ಉಪಾಯ ಹೊಳೆಯಿತು. "ಹಾಗಾದರೆ ಫೋನನ್ನು ಯಾವಾಗಲೂ ಬೋರಲಾಗಿ ಇಟ್ಟರಾಯಿತು! ಜಾರಿದರೆ ಬೆನ್ನು ಅಡಿಯಾಗಿ ಬೀಳುತ್ತದೆ."

"ಬೆನ್ನೂ ಗಾಜಲ್ವಾ?" ಎಂದಳು ವನಜಕ್ಕ.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಬೆನ್ನಿಗೆ ಗಾಜು ಹಾಕುವ ಐಡಿಯಾ ಯಾರದ್ದು, ಅವರ ಫೋನು ಎಂದೂ ಬೀಳುವುದಿಲ್ಲವೇ ಎಂದು ನನಗೂ ಎಷ್ಟೋ ಸಲ ಅನ್ನಿಸಿದ್ದುಂಟು.

"ವೈರ್‌ಲೆಸ್ ಚಾರ್ಜಿಂಗ್," ಎಂದ ಕಿಟ್ಟಿ, ಸ್ವಲ್ಪ ಮೆತ್ತಗೆ. "ಲೋಹದ ಬೆನ್ನಾದರೆ ಅಡ್ಡ ಬರುತ್ತದೆ. ಅದಕ್ಕೇ ಗಾಜು."

"ಅಂದರೆ ಒಂದು ವೈರು ಚುಚ್ಚುವ ಕಷ್ಟ ತಪ್ಪಲಿ ಅಂತ ಒಡೆಯುವ ಗಾಜನ್ನು ಎರಡು ಮಾಡಿಕೊಂಡೆವು," ಎಂದ ನಾಣಿ. "ಆಮೇಲೆ ಆ ಫೋನನ್ನು ಒಂದು ತಟ್ಟೆಯ ಮೇಲೆ ಮಲಗಿಸಿ, ತಟ್ಟೆಗೆ ವೈರು ಚುಚ್ಚಿದೆವು. ಮೇಷ್ಟ್ರೇ, ಈ ಗಾಜು ಗಟ್ಟಿ ಗಟ್ಟಿ ಅನ್ನುತ್ತಾರಲ್ಲ, ಏನು ಮಾಡಿರುತ್ತಾರೆ ಅದಕ್ಕೆ?"

"ಬೇಯಿಸುತ್ತಾರೆ. ಪೊಟ್ಯಾಸಿಯಂ ಉಪ್ಪನ್ನು ಸುಮಾರು 400 ಡಿಗ್ರಿಗೆ ಕಾಯಿಸಿ ಕರಗಿಸಿ, ಗಾಜನ್ನು ಅದರಲ್ಲಿ ಮುಳುಗಿಸುತ್ತಾರೆ. ಗಾಜಿನ ಮೇಲ್ಪದರದ ಸೋಡಿಯಂ ಎದ್ದು ಹೋಗುತ್ತದೆ. ಆ ಜಾಗಕ್ಕೆ ಪೊಟ್ಯಾಸಿಯಂ ಬಂದು ಕೂರುತ್ತದೆ. ಇದರ ಗಾತ್ರ ದೊಡ್ಡದು."

"ಗೊತ್ತಾಯಿತು. ಬಸ್ಸಿನ ಸೀಟಿನಿಂದ ಸಣಕಲ ಎದ್ದ, ದಡೂತಿ ಆಸಾಮಿ ಬಂದು ಕೂತ. ಅಕ್ಕಪಕ್ಕದವರೆಲ್ಲ ಒತ್ತಿಕೊಂಡು ಅಲ್ಲಾಡದೆ ಕೂತರು."

"ಅದೇ. ಆ ಒತ್ತಡವೇ ಗಾಜಿನ ಬಲ. ಬಿರುಕು ಬಾಯಿ ಬಿಡಲು ಜಾಗವೇ ಇರುವುದಿಲ್ಲ. ಆದರೆ ಆ ಪದರ ಬಲು ತೆಳು. ಆಳವಾದ ಗೀರು ಬಿದ್ದು ಒತ್ತಡದ ಪದರ ದಾಟಿತು ಅಂದರೆ ಮುಗಿಯಿತು. ಮುಂದೆ ಯಾವತ್ತೋ ಒಂದು ಸಣ್ಣ ಪೆಟ್ಟಿಗೆ ಅಲ್ಲಿಂದಲೇ ಒಡೆಯುತ್ತದೆ."

"ಅದಕ್ಕೇ ನಾನು ಬೀಗದ ಕೈ ಇರುವ ಜೇಬಿಗೆ ಫೋನ್ ಹಾಕುವುದೇ ಇಲ್ಲ," ಎಂದ ಸೀನ.

"ಬೀಗದ ಕೈ ಪಾಪದ್ದು. ಸಾಮಾನ್ಯವಾಗಿ ಅದು ಗಾಜಿಗಿಂತ ಮೆತ್ತಗೆ. ಗೀರು ಹಾಕುವುದು ಮರಳು. ನೀನು ಹೇಳಿದ ಮೋಸ್ ಲೆಕ್ಕದಲ್ಲೇ ನೋಡು ಕಿಟ್ಟಿ, ಫೋನಿನ ಗಾಜು ಸುಮಾರು 6, ಮರಳಿನ ಹರಳು 7."

ಸೀನ ತನ್ನ ಜೇಬಿನ ತಳಕ್ಕೆ ಬೆರಳು ಹಾಕಿ ನೋಡಿಕೊಂಡ. ಏನು ಸಿಕ್ಕಿತೋ ಹೇಳಲಿಲ್ಲ.

ಈ ಗಾಜಿನ ಹುಚ್ಚು ಶುರುವಾಗಿದ್ದು ಯಾವಾಗ ಎಂದು ಮಾತು ಅತ್ತ ಹೊರಳಿತು. 2007ರ ಜನವರಿಯಲ್ಲಿ ಮೊದಲ ಐಫೋನ್ ತೋರಿಸಿದಾಗ ಅದರ ಮುಖ ಪ್ಲಾಸ್ಟಿಕ್ಕಿನದು, ಜೂನ್‌ನಲ್ಲಿ ಮಾರಾಟಕ್ಕೆ ಬಂದಾಗ ಗಾಜಿನದು ಎಂದು ಕಿಟ್ಟಿ ಹೇಳಿದ. ಕಾರ್ನಿಂಗ್ ಕಂಪನಿ ಇಂಥ ಗಟ್ಟಿ ಗಾಜನ್ನು 1960ರ ದಶಕದಲ್ಲೇ ಮಾಡಿ, ಕೊಳ್ಳುವವರು ಸಾಲದೆ ಬದಿಗಿಟ್ಟಿತ್ತು ಎಂದು ಮೇಷ್ಟ್ರು ಸೇರಿಸಿದರು.

"ಅದಕ್ಕೂ ಮೊದಲೇ ಚೆನ್ನಾಗಿತ್ತು," ಎಂದ ನಾಣಿ. "ನೋಕಿಯಾ 3310. 2000ನೇ ಇಸವಿ. ಬಿದ್ದರೆ ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ, ಫೋನು ಒಂದು ಕಡೆ. ಮಂಚದ ಕೆಳಗೆ ತೂರಿ ಮೂರನ್ನೂ ಹುಡುಕಿ ಜೋಡಿಸಿದರೆ ಮತ್ತೆ ಫೋನು. ಒಂದೊಂದು ಸಲ ಬಿದ್ದ ಮೇಲೇ ಸಿಗ್ನಲ್ ಚೆನ್ನಾಗಿ ಬಂದ ಹಾಗನ್ನಿಸುತ್ತಿತ್ತು."

"ಬಿಡಿಬಿಡಿಯಾಗಿ ಹಾರುತ್ತಿತ್ತಲ್ಲ, ಹೊಡೆತದ ಒಂದಷ್ಟು ಶಕ್ತಿ ಅದರಲ್ಲೇ ಖರ್ಚಾಗುತ್ತಿತ್ತು," ಎಂದರು ಮೇಷ್ಟ್ರು. "ಮುಖವೂ ಪ್ಲಾಸ್ಟಿಕ್ಕು. ಸ್ಕ್ರೀನೋ, ಒಂದು ಅಂಚೆಚೀಟಿಯ ಅಗಲ."

"ಅಷ್ಟರಲ್ಲೇ ಎಷ್ಟು ಮಾತು ಹಿಡಿಯುತ್ತಿತ್ತು," ಎಂದಳು ವನಜಕ್ಕ. ಹೇಳಿ ಸುಮ್ಮನಾದಳು. ಆ ಸಣ್ಣ ಸ್ಕ್ರೀನಿಗೆ ಬಂದ ಯಾವ ಮೆಸೇಜು ಅವಳಿಗೆ ನೆನಪಾಯಿತೋ, ಕೇಳುವ ಧೈರ್ಯ ನಮಗಿಲ್ಲ.

ಅವಳೇ ಮೊದಲು ಎಚ್ಚೆತ್ತಳು. "ಸೀನ, ಬ್ಯಾಕಪ್ ತಗೊಂಡೆಯಾ?"

"ಇಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ. ಬಿರುಕು ಮುಚ್ಚುತ್ತದೆ ಅಂತ ವಾಟ್ಸ್ಆಪ್‌ನಲ್ಲಿ ಬಂದಿತ್ತು."

"ಮುಚ್ಚಿತಾ?"

"ಘಮ ಘಮ ಅನ್ನುತ್ತಿದೆ."

"ಕರ್ಮ! ಪೇಸ್ಟು ಒರಟು. ಬೆರಳಿನ ಜಿಡ್ಡು ಅಂಟದ ಹಾಗೆ ಗಾಜಿಗೊಂದು ಲೇಪ ಇರುತ್ತದೆ, ಅದನ್ನು ಉಜ್ಜಿ ತೆಗೆಯುತ್ತದೆ ಅಷ್ಟೇ. ಬಿರುಕಿನೊಳಗೆ ತೇವ ಬೇರೆ ಇಳಿಯುತ್ತದೆ. ಇನ್ನು ಈ ಫೋನು ವಾಟರ್‌ಪ್ರೂಫ್ ಅನ್ನುವ ಮಾತು ಮರೆತುಬಿಡು. ಮೊದಲು ಒಣಬಟ್ಟೆಯಲ್ಲಿ ಒರೆಸಿ, ಪೇಸ್ಟಿನ ಹಸಿ ಪೂರ್ತಿ ಆರುವವರೆಗೆ ಆಫ್ ಮಾಡಿಡು. ಆಮೇಲೆ ಬಿರುಕು ಬಂದ ಕಡೆಯೆಲ್ಲ ಪಾರದರ್ಶಕ ಟೇಪ್ ಅಂಟಿಸು, ಬೆರಳಿಗೆ ಚೂರು ಚುಚ್ಚೀತು. ಕಿವಿಗೆ ಒತ್ತಿ ಮಾತಾಡಬೇಡ, ಸ್ಪೀಕರ್ ಹಾಕು."

"ಬರೀ ಮೇಲಿನ ಗಾಜಷ್ಟೇ ಹಾಕಿಸಿದರೆ ಆಗಲ್ವಾ ಅಕ್ಕ? ಕೆಳಗಿನ ಡಿಸ್ಪ್ಲೇ ಚೆನ್ನಾಗೇ ಇದೆ."

"ಗಾಜು, ಟಚ್, ಡಿಸ್ಪ್ಲೇ ಮೂರನ್ನೂ ಒಂದಕ್ಕೊಂದು ಅಂಟಿಸಿರುತ್ತಾರೆ. ಬಿಡಿಸಲು ಹೋದರೆ ಒಳಗಿನದ್ದೂ ಹೋಗಬಹುದು. ಅದಕ್ಕೇ ಹೆಚ್ಚಿನವರು ಇಡೀ ಸೆಟ್ಟನ್ನೇ ಬದಲಾಯಿಸುತ್ತಾರೆ. ಕವರ್ ಬಿಚ್ಚು ನೋಡೋಣ. ಬಿದ್ದ ಫೋನಿನ ಬ್ಯಾಟರಿ ಉಬ್ಬಿದೆಯಾ ಅಂತ ನೋಡಬೇಕು. ಉಬ್ಬಿದ್ದರೆ ಚಾರ್ಜಿಗೇ ಹಾಕಕೂಡದು."

ಸೀನ ಕವರ್ ಬಿಚ್ಚಿದ. ಬ್ಯಾಟರಿ ಉಬ್ಬಿರಲಿಲ್ಲ. ಬೆನ್ನಿನ ಗಾಜಿಗೂ ಒಂದು ಉದ್ದ ಬಿರುಕು ಬಂದಿತ್ತು. ಆದರೆ ನಾವೆಲ್ಲ ನೋಡುತ್ತಿದ್ದದ್ದು ಬಿರುಕನ್ನಲ್ಲ. ಫೋನು ನೀಲಿ ಬಣ್ಣದ್ದು. ಅಪ್ಪಟ ನೀಲಿ.

"ಇದು ಹಸಿರು ಅಲ್ವಾ?" ಎಂದ ಕಿಟ್ಟಿ.

"ನೀಲಿ ಕಣೋ. ವಾರಗಟ್ಟಲೆ ಯೋಚಿಸಿ, ಸ್ಟಾಕ್ ಬರುವ ತನಕ ಕಾದು ನೀಲಿಯೇ ತಗೊಂಡೆ. ಬಣ್ಣ ಕಾಣಲಿ ಅಂತ ಪಾರದರ್ಶಕ ಕವರ್ ಹಾಕಿಸಿದೆ. ಅದು ದಿನ ಕಳೆದಂತೆ ಹಳದಿಯಾಯಿತು."

"ಆಗೇ ಆಗುತ್ತದೆ," ಎಂದಳು ವನಜಕ್ಕ. "ಬಿಸಿಲಿಗೆ, ಬಿಸಿಗೆ ಆ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ. ಇದು ಸಡಿಲವೂ ಆಗಿದೆ. ಈ ಮೂಲೆ ನೋಡು, ಹಿಗ್ಗಿ ಜೋತುಬಿದ್ದಿದೆ. ಕವರಿನ ಅಂಚು ಸ್ಕ್ರೀನಿಗಿಂತ ಚೂರು ಎತ್ತರ ನಿಲ್ಲಬೇಕು, ಮೂಲೆ ದಪ್ಪವಾಗಿ ಬಿಗಿಯಾಗಿರಬೇಕು. ಹಾಗಿದ್ದರೆ ಹೆಸರಿಲ್ಲದ ಕವರೂ ಕೆಲಸ ಮಾಡುತ್ತದೆ. ಇದನ್ನು ಯಾವತ್ತೋ ಬದಲಾಯಿಸಬೇಕಿತ್ತು. ಟೆಂಪರ್ಡ್ ಗ್ಲಾಸೂ ಅಂಚಿನ ತನಕ ಬಂದಿಲ್ಲ. ಪೆಟ್ಟು ಬಿದ್ದಿದ್ದು ಅದು ಮುಚ್ಚದ ಜಾಗಕ್ಕೆ."

ನಾಣಿ ಆ ನೀಲಿ ಫೋನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಎಷ್ಟು ತೆಳ್ಳಗಿದೆಯೋ!"

"7.5 ಮಿಲಿಮೀಟರ್," ಎಂದ ಸೀನ, ಹೆಮ್ಮೆಯಿಂದ.

"ಕವರ್ ಹಾಕಿದ ಮೇಲೆ?"

ಸೀನ ಮಾತಾಡಲಿಲ್ಲ.

"ಯಾರೋ ಪುಣ್ಯಾತ್ಮರು ರಾತ್ರಿಯೆಲ್ಲ ಕೂತು, ಅರ್ಧ ಮಿಲಿಮೀಟರ್ ಕಡಿಮೆ ಮಾಡಿ ಕುಣಿದಾಡಿರುತ್ತಾರೆ. ನೀನು ಅದಕ್ಕೇ ದುಡ್ಡು ಕೊಟ್ಟು, ಅಂಗಡಿಯಿಂದ ಹೊರಗೆ ಬರುವ ಮೊದಲೇ ರಬ್ಬರಿನ ಅಂಗಿ ತೊಡಿಸಿ ಡಬಲ್ ದಪ್ಪ ಮಾಡಿದೆ. ಅಲ್ಲಯ್ಯಾ, ಆ ದಪ್ಪವನ್ನು ಅವರೇ ಕೊಟ್ಟು ಒಡೆಯದ ಹಾಗೆ ಮಾಡಿದ್ದರೆ ಏನಾಗುತ್ತಿತ್ತು? ನೀನು ಕೊಳ್ಳುತ್ತಿರಲಿಲ್ಲ. ದಪ್ಪ ಅಂತ ಮೂಗು ಮುರಿಯುತ್ತಿದ್ದೆ. ಈ ನೀಲಿಯನ್ನು ನೀನು ನೋಡಿದ್ದು ಎರಡೇ ಸಲ. ಕೊಂಡ ದಿನ, ಒಡೆದ ದಿನ."

"ಬೆಳಿಗ್ಗೆ ಒಮ್ಮೆ ಕವರ್ ಬಿಚ್ಚಿದ್ದೆ," ಎಂದ ಸೀನ, ನಿಧಾನಕ್ಕೆ. "ಮಗಳು ನೋಡಿ, ಅಪ್ಪಾ ಇದು ಯಾರ ಫೋನು ಅಂದಳು."

ನಾಣಿ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಪೇಸ್ಟಿನ ಹಸಿ ಆರುವವರೆಗೆ ಬೇರೆ ಹರಟೆ ಹೊಡೆದೆವು. ಆಮೇಲೆ ಫೋನ್ ಆನ್ ಮಾಡಿ ನೋಡಿದರೆ ಬಲಗಡೆಯ ಟಚ್ ಸತ್ತಿತ್ತು. ವನಜಕ್ಕ ಚೀಲದಿಂದ ಒಂದು ಮೌಸು, ಅದನ್ನು ಫೋನಿಗೆ ಜೋಡಿಸುವ ಒಂದು ಒಟಿಜಿ ಕನೆಕ್ಟರ್ ತೆಗೆದಳು. ಅವಳ ಚೀಲದಲ್ಲಿ ಯಾಕಿತ್ತು ಎಂದು ಕೇಳಬಾರದು, ಇರುತ್ತದೆ. "ಚಾರ್ಜ್ ಎಷ್ಟಿದೆ? ಇರುವುದು ಒಂದೇ ತೂತು, ಮೌಸ್ ಹಾಕಿದರೆ ಚಾರ್ಜರ್ ಹಾಕೋಕಾಗಲ್ಲ." ಚುಚ್ಚಿದ ಕೂಡಲೇ ಒಡೆದ ಸ್ಕ್ರೀನಿನ ಮೇಲೆ ಪುಟ್ಟ ಬಾಣ ಮೂಡಿತು. ಸೀನ ಮೇಜಿನ ಮೇಲೆ ಮೌಸ್ ಉಜ್ಜುತ್ತಾ ಬ್ಯಾಕಪ್ ಹುಡುಕತೊಡಗಿದ. ಅಷ್ಟರಲ್ಲೇ ಫೋನ್ ಬಂತು. ಬಾಣವನ್ನು ಹಸಿರು ಗುಂಡಿಯ ತನಕ ಎಳೆದುಕೊಂಡು ಹೋಗಿ ಕರೆ ಎತ್ತುವಷ್ಟರಲ್ಲಿ ಬೆವತುಹೋದ. ಸ್ಪೀಕರಿನಲ್ಲಿ ರಿಪೇರಿಯವನು.

"ಸರ್, ಬೆಳಿಗ್ಗೆ ಕೇಳಿದ್ದಿರಲ್ಲ, ಸ್ಕ್ರೀನ್ ಇದೆ. ಹಿಂದಿನ ಗಾಜು ಮಾತ್ರ ನೀಲಿ ಸಿಗುತ್ತಿಲ್ಲ. ಹಸಿರು ಇದೆ, ಹಾಕಲಾ?"

ಸೀನ ಒಮ್ಮೆ ಫೋನಿನ ಬೆನ್ನು ನೋಡಿದ, ಒಮ್ಮೆ ಹಳದಿ ಕವರ್ ನೋಡಿದ. "ಹಸಿರೇ ಹಾಕಿ. ಎಲ್ಲರಿಗೂ ಹಸಿರು ಅಂತಲೇ ಗೊತ್ತು."

"ಹೊಸ ಕವರ್ ಬೇಕಾ ಸರ್? ಮಿಲಿಟರಿ ಗ್ರೇಡ್ ಬಂದಿದೆ."

"ನೀಲಿ ಬಣ್ಣದ್ದಿದ್ದರೆ ಕೊಡಿ!" ಎಂದು ನಾಣಿ ಕೂತಲ್ಲಿಂದಲೇ ಕೂಗಿದ.