‘ಲ್ಯಾಗ್ ಹೊಡೀತಿದೆ’: ವಿಆರ್ ಗೇಮಿನ ತೊಂದರೆಗಳಿಗೆ ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಪದ ಸಣ್ಣದು, ಹಿಂದಿನ ಕತೆ ಸ್ವಲ್ಪ ಉದ್ದ.

ವಿಂಡೋಸ್ ಕಂಪ್ಯೂಟರಿನಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ) ಗೇಮ್ ಸರಿಯಾಗಿ ಓಡಬೇಕಾದರೆ ಏನೇನು ಮಾಡಬೇಕು ಅಂತ ಕನ್ನಡದಲ್ಲಿ ನಾಲ್ಕು ಪುಟ ಬರೆಯಲು ಕೂತಿದ್ದೇನೆ. ಬರೆಸುತ್ತಿರುವವನು ಅಕ್ಕನ ಮಗ. ಅವನ ಗೆಳೆಯರ ಹತ್ತಿರ ಕಣ್ಣಿಗೆ ಕಟ್ಟಿಕೊಂಡು ಆಡುವ ಹೆಡ್‌ಸೆಟ್ ಇದೆ, ಇಂಗ್ಲಿಷಿನಲ್ಲಿರುವ ಉದ್ದುದ್ದ ಸೂಚನೆ ಓದುವ ತಾಳ್ಮೆ ಇಲ್ಲ. ಸರಿ ಮಾರಾಯ, ಬರೀತೀನಿ ಅಂದೆ. ಮೊದಲ ಪುಟದಲ್ಲೇ ನಿಂತುಬಿಟ್ಟೆ. ಏನೇ ತೊಂದರೆ ಆಗಲಿ, ಈ ಹುಡುಗರು ಹೇಳುವುದು ಒಂದೇ ಮಾತು: ‘ಲ್ಯಾಗ್ ಹೊಡೀತಿದೆ.’

ಮಾತೇನೋ ಸೊಗಸಾಗಿದೆ. ನಮ್ಮ ‘ಹೊಡೆ’ಗೆ ಇರುವ ಶಕ್ತಿ ನೋಡಿ. ಬೋರ್ ಹೊಡೆಯುತ್ತೆ, ವಾಸನೆ ಹೊಡೆಯುತ್ತೆ, ಸೈಕಲ್ ಹೊಡೀತೀವಿ, ನಿದ್ದೆ ಹೊಡೀತೀವಿ. ಗ್ಯಾರೇಜಿನಲ್ಲಿ ‘ಇಂಜಿನ್ ಮಿಸ್ಸಿಂಗ್ ಹೊಡೀತಿದೆ’ ಅನ್ನುತ್ತಾರೆ. ಎಲ್ಲಿಂದ ಬಂದ ಪದವಾದರೂ ಹಿಂದೊಂದು ‘ಹೊಡೆ’ ಹಚ್ಚಿದರೆ ಕನ್ನಡವಾಯಿತು. ಹಾಗಾಗಿ ‘ಲ್ಯಾಗ್’ ಇಂಗ್ಲಿಷ್ ಅನ್ನೋದು ನನ್ನ ತಕರಾರಲ್ಲ. ಅದು ಡಾಕ್ಟರ ಹತ್ತಿರ ಹೋಗಿ ‘ಹುಷಾರಿಲ್ಲ’ ಅಂದ ಹಾಗೆ. ಜ್ವರವೋ ಹೊಟ್ಟೆನೋವೋ ಹೇಳದೆ ಔಷಧಿ ಕೊಡುವುದು ಹೇಗೆ? ವಿಆರ್‌ನಲ್ಲಿ ಬೇರೆ ಬೇರೆ ಕಾಯಿಲೆಗಳಿವೆ, ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಅಕ್ಕನ ಮಗನೇ ‘ಲ್ಯಾಗ್’ ಅಂತ ಎಂಟು ಜಿಬಿ ರ‍್ಯಾಮ್ ಹೆಚ್ಚಿಗೆ ಹಾಕಿಸಿದ. ದುಡ್ಡು ಹೋಯಿತು, ಲ್ಯಾಗ್ ಹೋಗಲಿಲ್ಲ.

ಪದಗಳು ಸಿಕ್ಕಿದ್ದು ಅಮ್ಮನಿಂದ. ತೀರ್ಥಹಳ್ಳಿ ಕಡೆಯವರು, ಎಪ್ಪತ್ತು ದಾಟಿದೆ. ಮೊಮ್ಮಗ ಹಟ ಮಾಡಿ ಕನ್ನಡಕದ ಮೇಲೆಯೇ ಹೆಡ್‌ಸೆಟ್ ಹಾಕಿದ. ಟೇಬಲ್ ಟೆನಿಸ್ ಆಟ. ಅಮ್ಮನಿಗೆ ‘ಲ್ಯಾಗ್’ ಪದ ಗೊತ್ತಿಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಹೇಳಿದರು.

ಮೊದಲು ಹೇಳಿದ್ದು, ‘ಚೆಂಡು ಒಂದೋ ಎರಡೋ? ನಾನು ಪಕ್ಕಕ್ಕೆ ಸರಿದರೆ ಮೇಜೆಲ್ಲ ಅದುರುತ್ತೆ ಕಣೋ, ಕಣ್ಣು ಅದುರಿದ ಹಾಗೆ.’

ಅದುರು! ಎಡಗಣ್ಣು ಅದುರಿತು, ಬಲಗಣ್ಣು ಅದುರಿತು ಅಂತ ಶಕುನ ನೋಡುವ ನಾವು ಈ ಪದವನ್ನು ಇಲ್ಲಿಗೆ ತರಲೇ ಇಲ್ಲವಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ‘ಜಡರ್’ ಅನ್ನುತ್ತಾರೆ. ಆಗುವುದು ಇಷ್ಟು: ಹೆಡ್‌ಸೆಟ್ ಸೆಕೆಂಡಿಗೆ 90 ಸಲ ಚಿತ್ರ ಬದಲಿಸುತ್ತದೆ ಅಂದುಕೊಳ್ಳಿ. ಒಂದು ಚಿತ್ರ ಬರೆಯಲು ಕಂಪ್ಯೂಟರಿಗೆ ಸಿಗುವ ಗಡುವು 11.1 ಮಿಲಿಸೆಕೆಂಡ್. ಆ ಗಡುವಿನೊಳಗೆ ಮುಗಿಯದೆ ಗೇಮು 45ಕ್ಕೆ ಇಳಿದರೆ ಒಂದೊಂದು ಚಿತ್ರವೂ ಎರಡೆರಡು ಸಲ ಕಾಣಿಸುತ್ತದೆ. ಚೆಂಡಿನ ಹಿಂದೆ ಓಡುತ್ತಿರುವ ಕಣ್ಣು ಮುಂದೆ ಹೋಗಿರುತ್ತದೆ, ಚೆಂಡು ಮಾತ್ರ ಇದ್ದಲ್ಲೇ ಇನ್ನೊಮ್ಮೆ ಕಾಣುತ್ತದೆ. ಹಾಗಾಗಿ ಎರಡು ಚೆಂಡು. ಮಾನಿಟರಿನಲ್ಲಿ ಇದನ್ನು ಸಹಿಸಬಹುದು. ಮುಖಕ್ಕೇ ಕಟ್ಟಿಕೊಂಡರೆ ಹೊಟ್ಟೆ ತೊಳೆಸುತ್ತದೆ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಆಗುಂಬೆ ಘಾಟಿ ಇಳಿದ ಹಾಗೆ.

ಇದರ ಔಷಧಿ ಕೆಲಸ ಕಡಿಮೆ ಮಾಡುವುದು. ಕಂಪ್ಯೂಟರಿನಲ್ಲಿ ವಿಆರ್ ಗೇಮ್ ಓಡಿಸುವ ಸ್ಟೀಮ್‌ವಿಆರ್ ಅನ್ನುವ ತಂತ್ರಾಂಶದಲ್ಲಿ ರೆಸಲ್ಯೂಶನ್ನಿಗೆ (ಒಂದು ಚಿತ್ರದಲ್ಲಿ ಎಷ್ಟು ಪಿಕ್ಸೆಲ್, ಅಂದರೆ ಚುಕ್ಕಿ, ಅನ್ನುವುದಕ್ಕೆ) ಒಂದು ಶೇಕಡಾ ಪಟ್ಟಿ ಇರುತ್ತದೆ. ನಮ್ಮ ಹುಡುಗ ಅದನ್ನು 150ಕ್ಕೆ ಎಳೆದಿದ್ದ. ಅಂದರೆ ಪ್ರತಿ ಸಲ ಒಂದೂವರೆಯಷ್ಟು ಪಿಕ್ಸೆಲ್ ಬರೆಯಬೇಕು. 100ಕ್ಕೆ ತಂದೆವು, ನೆರಳುಗಳನ್ನು ಒಂದು ಮೆಟ್ಟಿಲು ಇಳಿಸಿದೆವು, ಅದುರು ನಿಂತಿತು. ಆಗಲೂ ನಿಲ್ಲದಿದ್ದರೆ ಹೆಡ್‌ಸೆಟ್ಟನ್ನೇ 72ಕ್ಕೆ ಇಳಿಸಬಹುದು (ಎಲ್ಲ ಹೆಡ್‌ಸೆಟ್ಟಿನಲ್ಲಿ ಆಗದು). ಆಗ ಗಡುವು 13.9 ಮಿಲಿಸೆಕೆಂಡ್ ಆಗುತ್ತದೆ. 90ರಲ್ಲಿ ಅದುರುವುದಕ್ಕಿಂತ 72ರಲ್ಲಿ ನೆಟ್ಟಗೆ ಓಡುವುದು ಎಷ್ಟೋ ವಾಸಿ.

ಎರಡನೆಯದು. ಅಮ್ಮ ಕೈ ಬೀಸಿದರು. ‘ಕೈ ಮುಂದೆ ಹೋಗುತ್ತೆ, ಬ್ಯಾಟು ಹಿಂದಿಂದ ಓಡಿ ಬರುತ್ತೆ. ನಮ್ಮನೆ ನಾಯಿ ಇದ್ದ ಹಾಗೆ.’

ಇದು ನಿಜವಾದ ಲ್ಯಾಗ್. ಕನ್ನಡದಲ್ಲಿ ‘ತಡ’ ಅಂದರೆ ಮುಗಿಯಿತು. ಕೆಲವು ಕಡೆ ‘ಸುಪ್ತತೆ’ ಅಂತ ಬರೆದದ್ದು ನೋಡಿದ್ದೇನೆ. ಸುಪ್ತ ಅಂದರೆ ಮಲಗಿದ್ದು, ಅಡಗಿದ್ದು. ಇಲ್ಲಿ ಯಾವುದೂ ಮಲಗಿಲ್ಲ, ಎಲ್ಲವೂ ಓಡುತ್ತಿದೆ, ಬಂದು ಮುಟ್ಟುವುದು ತಡ ಅಷ್ಟೇ. ತಮಾಷೆ ಅಂದರೆ ಈ ಕಾಯಿಲೆಯಲ್ಲಿ ಸೆಕೆಂಡಿಗೆ ಬರುವ ಫ್ರೇಮುಗಳ (ಒಂದೊಂದು ಚಿತ್ರವೂ ಒಂದು ಫ್ರೇಮು) ಲೆಕ್ಕ 90 ಅಂತಲೇ ತೋರಿಸುತ್ತಿರಬಹುದು. ಚಿತ್ರಗಳು ಲೆಕ್ಕಕ್ಕೆ ಸರಿಯಾಗಿ ಬರುತ್ತಿವೆ, ಆದರೆ ಎಲ್ಲವೂ ಹಳಸಲು. ನಮ್ಮ ಮನೆಯಲ್ಲಿ ಕಾರಣ ಗೇಮಲ್ಲ, ವೈಫೈ. ವೈರಿಲ್ಲದೆ ಆಡುವಾಗ ಕಂಪ್ಯೂಟರು ಚಿತ್ರವನ್ನು ವಿಡಿಯೊ ಮಾಡಿ ಹಿಂಡಿ ಕಳಿಸಬೇಕು, ಹೆಡ್‌ಸೆಟ್ಟು ಅದನ್ನು ಬಿಡಿಸಬೇಕು. ನಮ್ಮಲ್ಲಿ ಲ್ಯಾಪ್‌ಟಾಪೂ ವೈಫೈನಲ್ಲೇ ಇತ್ತು, ಹೆಡ್‌ಸೆಟ್ಟೂ ವೈಫೈನಲ್ಲೇ. ಒಂದೇ ಗಾಳಿಯಲ್ಲಿ ಎರಡು ಸಲ ಓಡಾಟ. ಲ್ಯಾಪ್‌ಟಾಪಿನಿಂದ ರೌಟರಿಗೆ ಕೇಬಲ್ ಎಳೆದೆವು, ಹೆಡ್‌ಸೆಟ್ಟನ್ನು 5 ಗಿಗಾಹರ್ಟ್ಸ್‌ಗೆ ಹಾಕಿ ರೌಟರಿರುವ ಕೋಣೆಯಲ್ಲೇ ಆಡಿಸಿದೆವು. ನಾಯಿ ಯಜಮಾನನ ಪಕ್ಕಕ್ಕೇ ಬಂತು.

ಮೂರನೆಯದಕ್ಕೆ ಅಮ್ಮ ಕೊಟ್ಟ ಪದ ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹತ್ತು ನಿಮಿಷ ಚೆನ್ನಾಗಿ ಆಡುತ್ತಿದ್ದರು. ನಡುವೆ ಆಗೊಮ್ಮೆ ಈಗೊಮ್ಮೆ ಎಲ್ಲವೂ ಕ್ಷಣ ನಿಂತು ಮುಂದಕ್ಕೆ ಹಾರುತ್ತಿತ್ತು. ‘ಇದರದ್ದು ತಾಳ ತಪ್ಪುತ್ತಾ ಇದೆ. ಭಾಗವತ್ರು ಒಂದು ಕಡೆ, ಚಂಡೆ ಒಂದು ಕಡೆ.’

ರಾತ್ರಿಯಿಡೀ ಕೂತು ಯಕ್ಷಗಾನದ ಆಟ ನೋಡಿದವರ ಮಾತು ಅದು. ವಿಆರ್‌ನಲ್ಲಿ ನಿಜಕ್ಕೂ ಒಂದು ತಾಳ ಇದೆ. 11.1 ಮಿಲಿಸೆಕೆಂಡಿಗೆ ಒಂದು ಪೆಟ್ಟು. ಹೆಡ್‌ಸೆಟ್ಟು ಯಾರಿಗೂ ಕಾಯುವುದಿಲ್ಲ. ಪೆಟ್ಟಿಗೆ ಚಿತ್ರ ಸಿದ್ಧವಿದ್ದರೆ ಸರಿ, ಒಂದು ಕೂದಲೆಳೆ ತಡವಾದರೂ ಮುಂದಿನ ಪೆಟ್ಟೇ ಗತಿ. ‘ಫ್ರೇಮ್ ಡ್ರಾಪ್’ ಅಂದರೆ ಇದೇ. ‘ಫ್ರೇಮ್ ಬೀಳಿಕೆ’ ಅಂತ ಬರೆಯಲು ಹೊರಟಿದ್ದೆ, ಹೊಡೆದು ಹಾಕಿದೆ.

ಇದರ ಜೊತೆ ಇನ್ನೊಂದು ವಿಷಯವಿದೆ. ಸರಾಸರಿ ನೋಡಿದರೆ ತಾಳ ತಪ್ಪಿದ್ದು ಗೊತ್ತಾಗುವುದಿಲ್ಲ. ಸೆಕೆಂಡಿಗೆ 89 ಅಂತ ಬರುತ್ತದೆ, ಅಬ್ಬಾ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ತಪ್ಪಿದ ಒಂದೇ ಪೆಟ್ಟು ತಲೆಗೆ ತಟ್ಟುತ್ತದೆ. ಒಂದೊಂದು ಚಿತ್ರಕ್ಕೆ ಎಷ್ಟು ಮಿಲಿಸೆಕೆಂಡು ಹಿಡಿಯಿತು ಅನ್ನುವ ಗ್ರಾಫು ಸ್ಟೀಮ್‌ವಿಆರ್‌ನಲ್ಲೇ ಇದೆ. ಅದರಲ್ಲಿ ಚೂಪಾಗಿ ಎದ್ದ ಗೆರೆಗಳನ್ನು ಹುಡುಕಬೇಕು. ನಮ್ಮಲ್ಲಿ ಸಿಕ್ಕಿದ್ದು: ಹಿಂದೆ ತೆರೆದಿಟ್ಟ ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬು, ಜೊತೆಗೆ ಗೇಮನ್ನು ತಾನಾಗಿ ರೆಕಾರ್ಡ್ ಮಾಡಿಕೊಳ್ಳುವ ಸೌಲಭ್ಯ. ಹುಡುಗನೇ ಎಂದೋ ಅದನ್ನು ಆನ್ ಮಾಡಿ ಮರೆತಿದ್ದ. ಎರಡನ್ನೂ ನಿಲ್ಲಿಸಿದ ಮೇಲೆ ಚಂಡೆ ಭಾಗವತರ ಜೊತೆ ಸೇರಿತು.

ಅರ್ಧ ಗಂಟೆಯ ಮೇಲೆ ಮತ್ತೆ ಅದುರು. ಈ ಸಲ ಲ್ಯಾಪ್‌ಟಾಪಿನ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು. ‘ಅದಕ್ಕೂ ಏದುಸಿರು ಬಂದಿದೆ, ಸಾಕು ಬಿಡ್ರೋ’ ಅಂದರು ಅಮ್ಮ. ಬಿಸಿ ಏರಿದಾಗ ಚಿಪ್ಪು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟರಂತೂ ಗಾಳಿಯೇ ಸಿಗದು. ಚಾರ್ಜರ್ ಹಾಕದೆ ಬ್ಯಾಟರಿಯಲ್ಲಿ ಆಡಿಸಿದರೆ ಶುರುವಿನಿಂದಲೇ ನಿಧಾನ. ಇದಕ್ಕೆ ‘ಏದುಸಿರು’ ಅಂತಲೇ ಬರೆದಿದ್ದೇನೆ. ಯಾರಾದರೂ ನಗುತ್ತಾರೇನೋ, ನಗಲಿ.

ಅಮ್ಮನಿಗೆ ಕಾಣದ, ಆದರೆ ಪುಟದಲ್ಲಿ ಬರಲೇಬೇಕಾದ ಇನ್ನೊಂದಿದೆ. ನನಗೆ ಜಾಸ್ತಿ ತಲೆ ಕೆಡಿಸಿದ್ದೂ ಅದೇ. ಚಿತ್ರ ಬರೆದು ಮುಗಿಯುವಷ್ಟರಲ್ಲಿ ತಲೆ ಒಂದಿಷ್ಟು ತಿರುಗಿರುತ್ತದೆ. ಆಗ ಇದ್ದ ಚಿತ್ರವನ್ನೇ ಸ್ವಲ್ಪ ಸರಿಸಿ, ಎಳೆದು, ಈಗಿನ ದಿಕ್ಕಿಗೆ ಹೊಂದಿಸಿ ತೋರಿಸುತ್ತಾರೆ. ಇದು ‘ಟೈಮ್‌ವಾರ್ಪ್’. ತಲೆಯನ್ನು ಗಕ್ಕನೆ ತಿರುಗಿಸಿದಾಗ ಅಂಚಿನಲ್ಲಿ ಕಪ್ಪು ಪಟ್ಟಿ ಇಣುಕುತ್ತದಲ್ಲ, ಅದು ಇದರ ಗುರುತು. ಅಲ್ಲಿಗೆ ಚಿತ್ರ ಬರೆದೇ ಇರುವುದಿಲ್ಲ. ಇದರ ಅಣ್ಣತಮ್ಮಂದಿರು 2016ರಲ್ಲಿ ಬಂದ, ಆಕ್ಯುಲಸ್ ಅನ್ನುವ ಹೆಡ್‌ಸೆಟ್ ಕಂಪನಿಯವರ ‘ಸ್ಪೇಸ್‌ವಾರ್ಪ್’ ಮತ್ತು 2018ರಲ್ಲಿ ಬಂದ ಸ್ಟೀಮ್‌ವಿಆರ್‌ನ ‘ಮೋಷನ್ ಸ್ಮೂದಿಂಗ್’. ಗೇಮಿಗೆ 90 ಆಗದಿದ್ದರೆ 45 ಚಿತ್ರ ಮಾತ್ರ ಬರೆಸಿಕೊಂಡು, ನಡುವಿನದನ್ನು ಊಹೆಯ ಮೇಲೆ ಇವೇ ತುಂಬುತ್ತವೆ.

ಒಬ್ಬ ಗೆಳೆಯರು ‘ವಾರ್ಪ್ ಅಂದರೆ ಹಾಸು ಅಲ್ವಾ, ಹಾಸುಹೊಕ್ಕಿನ ಹಾಸು? ಕಾಲಹಾಸು ಅನ್ನಿ’ ಅಂದರು. ಕೇಳಲು ಚಂದ, ಆದರೆ ಮಗ್ಗದ ವಾರ್ಪ್ ಅಲ್ಲ ಇದು. ಮಳೆಗೆ ನೆನೆದ ಹಲಗೆ ಸೊಟ್ಟಗಾಗುತ್ತದಲ್ಲ, ಆ ವಾರ್ಪ್. ನಾನು ಇಟ್ಟುಕೊಂಡಿರುವ ಪದ ‘ತೇಪೆ’. ಹರಿದ ಕಡೆ, ಹತ್ತಿರದ ಬಟ್ಟೆಯಲ್ಲೇ ಒಂದು ತುಂಡು ತಂದು ಹೊಲಿಯುವುದು. ಅಂಗಿಯ ತೇಪೆಯ ಹಾಗೆಯೇ ಇದೂ ಚೆನ್ನಾಗಿ ಬಿದ್ದರೆ ಕಾಣುವುದಿಲ್ಲ. ಕೆಟ್ಟದಾಗಿ ಬಿದ್ದರೆ, ಬೀಸುವ ಕೈಯ ಸುತ್ತ ಗಾಳಿಯೆಲ್ಲ ಜೆಲ್ಲಿಯ ಹಾಗೆ ಕುಲುಕುತ್ತದೆ. ಟೇಬಲ್ ಟೆನಿಸ್ಸಿಗೆ ತೇಪೆ ಆಗಿಬರುವುದಿಲ್ಲ. ನಿಧಾನವಾಗಿ ವಿಮಾನ ಹಾರಿಸುವ ಆಟಕ್ಕೆ ಧಾರಾಳ ಸಾಕು.

ಉಳಿದ ಪದಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ಫ್ರೇಮ್’ಗೆ ‘ಚೌಕಟ್ಟು’ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ‘ಸೆಕೆಂಡಿಗೆ 90 ಚೌಕಟ್ಟು’ ಅಂದರೆ ಬಡಗಿ ಅಂಗಡಿ ನೆನಪಾಗುತ್ತದೆ. ‘ಪರ್ಫಾರ್ಮೆನ್ಸ್’ಗೆ ಅನುವಾದದ ಯಂತ್ರ ಒಮ್ಮೆ ‘ಪ್ರದರ್ಶನ’ ಅಂತ ಕೊಟ್ಟಿತು, ವಸ್ತುಪ್ರದರ್ಶನದ ಪ್ರದರ್ಶನ. ‘ಕಾರ್ಯಕ್ಷಮತೆ’ ತಪ್ಪಲ್ಲ, ಭಾರ. ‘ಈ ಲ್ಯಾಪ್‌ಟಾಪಲ್ಲಿ ಆ ಗೇಮ್ ಓಡುತ್ತಾ?’ ಅಂತ ಎಲ್ಲರೂ ಕೇಳುವಾಗ ‘ಗೇಮಿನ ಓಟ’ ಸಾಲದೇ? ‘ಬಾಟಲ್‌ನೆಕ್’ಗೆ ‘ಇಕ್ಕಟ್ಟು’ ಹಾಕಿದ್ದೇನೆ. ಮದುವೆಮನೆಯಲ್ಲಿ ತರಕಾರಿ ಹೆಚ್ಚುವವರು ನಿಧಾನವಾದರೆ ಒಲೆ ದೊಡ್ಡದು ಮಾಡಿ ಪ್ರಯೋಜನವಿಲ್ಲ. ಹೆಚ್ಚುವುದು ಸಿಪಿಯು (ಕಂಪ್ಯೂಟರಿನ ಮುಖ್ಯ ಚಿಪ್ಪು), ಒಲೆ ಜಿಪಿಯು (ಚಿತ್ರ ಬರೆಯುವ ಚಿಪ್ಪು). ಇಕ್ಕಟ್ಟು ಸಿಪಿಯುನಲ್ಲಿದ್ದರೆ ರೆಸಲ್ಯೂಶನ್ ಎಷ್ಟು ಇಳಿಸಿದರೂ ಗೇಮಿನ ಓಟ ಸುಧಾರಿಸದು. ವರ್ಚುವಲ್ ರಿಯಾಲಿಟಿಗೆ ಮಿಥ್ಯಾವಾಸ್ತವವೋ ಕಲ್ಪಿತ ವಾಸ್ತವವೋ ಅನ್ನುವ ಜಗಳ ಇನ್ನೊಂದು ದಿನ ಆಡೋಣ.

ವಿಂಡೋಸಿನ ಗುಂಡಿಗಳ ಹೆಸರನ್ನು ಮಾತ್ರ ನಾನು ಮುಟ್ಟಿಲ್ಲ. ‘ಗೇಮ್ ಮೋಡ್’, ‘ಹಾರ್ಡ್‌ವೇರ್ ಆಕ್ಸಲರೇಟೆಡ್ ಜಿಪಿಯು ಶೆಡ್ಯೂಲಿಂಗ್’ ಎಲ್ಲ ಹಾಗೇ ಇವೆ. ಎರಡನೆಯದನ್ನು ಕನ್ನಡ ಮಾಡಲು ಒಂದು ಸಂಜೆ ಹಾಳು ಮಾಡಿ ಬಿಟ್ಟೆ. ಓದುವ ಹುಡುಗ ಪರದೆಯ ಮೇಲೆ ಅದೇ ಅಕ್ಷರ ಹುಡುಕಬೇಕು, ನನ್ನ ಅನುವಾದವನ್ನಲ್ಲ. (ಅದು 2020ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು. ಕೆಲವು ಕಂಪ್ಯೂಟರಿನಲ್ಲಿ ಒಳ್ಳೆಯದು ಮಾಡುತ್ತದೆ, ಕೆಲವದರಲ್ಲಿ ತಾಳ ತಪ್ಪಿಸುತ್ತದೆ. ಹಾಕಿ ನೋಡಿ, ತೆಗೆದು ನೋಡಿ ಅಂತ ಬರೆದಿದ್ದೇನೆ.) ಗುಂಡಿಯ ಹೆಸರು ಪರದೆಯಲ್ಲಿದ್ದ ಹಾಗೆ, ಕಣ್ಣಿಗೂ ಹೊಟ್ಟೆಗೂ ಆಗುವುದರ ಹೆಸರು ಕನ್ನಡದಲ್ಲಿ. ಹೀಗೆ ಹೊರಟಿದ್ದೇನೆ.

ಈಗ ನನ್ನ ಪ್ರಶ್ನೆ. ‘ಗೇಮ್ ತಾಳ ತಪ್ಪುತ್ತಿದೆ’ ಅಂದಾಗ ಯಕ್ಷಗಾನದ ಕಡೆಯವರಲ್ಲದವರಿಗೂ, ಬೀದರಿನ ಅಥವಾ ಕೋಲಾರದ ಹುಡುಗನಿಗೂ, ನಡುನಡುವೆ ಎಗರುವ ಚಿತ್ರ ಕಣ್ಣಿಗೆ ಬರುತ್ತದಾ? ನನಗೆ ಬರುತ್ತದೆ, ಆದರೆ ನಾನು ಅಮ್ಮನ ಮಗ. ಅಕ್ಕನ ಮಗ ಗ್ಯಾರೇಜಿನ ಪದವೇ ಇರಲಿ ಅನ್ನುತ್ತಾನೆ: ‘ಮಾಮ, ಗೇಮ್ ಮಿಸ್ಸಿಂಗ್ ಹೊಡೀತಿದೆ ಅಂತ ಬರಿ, ಬೈಕ್ ಇರೋರಿಗೆಲ್ಲ ಅರ್ಥ ಆಗುತ್ತೆ.’ ಅವನ ಮಾತಿನಲ್ಲೂ ಹುರುಳಿದೆ. ಒಂದು ಸಿಲಿಂಡರು ಪೆಟ್ಟು ತಪ್ಪಿಸುವುದು, ಒಂದು ಚಿತ್ರ ಗಡುವು ತಪ್ಪಿಸುವುದು, ಎರಡೂ ಒಂದೇ ಜಾತಿ. ನಿಮ್ಮ ಕಡೆ ಹೊಲಿಗೆ ಮಿಷನ್ನು, ಪಂಪ್‌ಸೆಟ್ಟು, ಮಗ್ಗ, ಯಾವುದಾದರೂ ಹೀಗೆ ನಡುವೆ ಪೆಟ್ಟು ತಪ್ಪಿಸಿದಾಗ ಏನನ್ನುತ್ತೀರಿ? ಮೊದಲ ಪುಟ ಆ ಒಂದು ಪದಕ್ಕೆ ಕಾದು ಕೂತಿದೆ.