7805 ವೋಲ್ಟೇಜ್ ರೆಗ್ಯುಲೇಟರ್ ಐಸಿ ಮಧ್ಯಾಹ್ನ ಮಾತ್ರ ಆಫ್ ಆಗುತ್ತದೆ. ತಯಾರಕರ ವಿವರಪಟ್ಟಿಯಾದ ಡೇಟಾಶೀಟ್‌ನಲ್ಲಿ 35 ವೋಲ್ಟ್ ಎಂದಿದೆಯಲ್ಲ?

ಪ್ರಶ್ನೆ (ಆಳಂದ):
ಸರ್, ತೊಗರಿ ಹೊಲದ ಪಂಪಿಗೆಂದು ಟೈಮರ್ ಮಾಡಿದ್ದೇನೆ. ಸೋಲಾರ್‌ನಿಂದ ಚಾರ್ಜ್ ಆಗುವ 12 ವೋಲ್ಟ್ ಬ್ಯಾಟರಿ, ಅದರಿಂದ 5 ವೋಲ್ಟ್ ಪಡೆಯಲು 7805, ಶಾಖ ಹೊರಹಾಕುವ ಲೋಹದ ತುಂಡಾದ ಹೀಟ್‌ಸಿಂಕ್ ಇಲ್ಲ. ಮೈಕ್ರೊಕಂಟ್ರೋಲರ್ ಮತ್ತು ರಿಲೇ ಸೇರಿ 150 ಮಿಲಿಆಂಪಿಯರ್ ಎಳೆಯುತ್ತವೆ. ಬೆಳಿಗ್ಗೆ ಸರಿಯಾಗಿ ನಡೆಯುತ್ತದೆ; ಬಿಸಿಲೇರಿದ ಮೇಲೆ ತಾನಾಗಿಯೇ ಆಫ್ ಆಗಿ, ಸ್ವಲ್ಪ ಹೊತ್ತಿಗೆ ಮತ್ತೆ ಆನ್ ಆಗುತ್ತದೆ. ಡೇಟಾಶೀಟ್‌ನಲ್ಲಿ 35 ವೋಲ್ಟ್, 1 ಆಂಪಿಯರ್ ಎಂದಿದೆ. ಐಸಿ ನಕಲಿಯೇ?

ಉತ್ತರ (ಕಲಬುರಗಿ):
ನಕಲಿ ಎನ್ನಲು ತಾವು ಹೇಳಿದ್ದರಲ್ಲಿ ಕಾರಣ ಕಾಣುವುದಿಲ್ಲ. 35 ವೋಲ್ಟ್ ಇರುವುದು ಗರಿಷ್ಠ ಮಿತಿಗಳ ಪಟ್ಟಿಯಲ್ಲಿ. ಅದನ್ನು ದಾಟಿದರೆ ಐಸಿ ಕೆಡಬಹುದು ಎಂದಷ್ಟೇ ಅದರ ಅರ್ಥ, ಅಲ್ಲಿಯವರೆಗೆ ಎಲ್ಲ ಪರಿಸ್ಥಿತಿಯಲ್ಲೂ ನಡೆಯುತ್ತದೆ ಎಂದಲ್ಲ. 35 ವೋಲ್ಟ್ ಮತ್ತು 1 ಆಂಪಿಯರ್ ಎರಡನ್ನೂ ಒಟ್ಟಿಗೆ ಕೊಟ್ಟರೆ, ಹೊರಬರುವ 5 ವೋಲ್ಟ್ ಕಳೆದು ಉಳಿದ 30 ವೋಲ್ಟ್ ಐಸಿಯ ಮೇಲೆ ಬಿದ್ದು 30 ವ್ಯಾಟ್ ಶಾಖವಾಗುತ್ತದೆ. ಅದನ್ನು ಈ ಐಸಿ ತಡೆಯದು.

ಇಲ್ಲಿ ನೋಡಬೇಕಾದದ್ದು ಹೆಚ್ಚಿನವರು ಓದದೆ ಬಿಡುವ ಸಾಲು, ಥರ್ಮಲ್ ರೆಸಿಸ್ಟೆನ್ಸ್, ಅಂದರೆ ಒಂದು ವ್ಯಾಟ್ ಶಾಖಕ್ಕೆ ಐಸಿಯ ಒಳಗೆ ಎಷ್ಟು ಡಿಗ್ರಿ ಬಿಸಿ ಏರುತ್ತದೆ ಎಂಬುದು. ಹೀಟ್‌ಸಿಂಕ್ ಇಲ್ಲದ ಟಿಒ-220 ಕವಚಕ್ಕೆ (7805 ಸಾಮಾನ್ಯವಾಗಿ ಬರುವ ಕವಚ) ಅದು ಪ್ರತಿ ವ್ಯಾಟಿಗೆ ಸುಮಾರು 65 ಡಿಗ್ರಿ. ಬೆಳಿಗ್ಗೆ ಬ್ಯಾಟರಿ 12.5 ವೋಲ್ಟ್ ಇದ್ದರೆ 7.5 ವೋಲ್ಟ್ ಐಸಿಯ ಮೇಲೆ ಬಿದ್ದು, ತಮ್ಮ 150 ಮಿಲಿಆಂಪಿಯರ್‌ಗೆ 1.1 ವ್ಯಾಟ್ ಆಗುತ್ತದೆ, ಅಂದರೆ 73 ಡಿಗ್ರಿ ಏರಿಕೆ. ಹೊರಗೆ 28 ಇದ್ದರೆ ಒಳಗೆ 101. ಮಧ್ಯಾಹ್ನ ಚಾರ್ಜ್ ಆಗುತ್ತಿರುವ ಬ್ಯಾಟರಿ 14 ವೋಲ್ಟಿಗೆ ಏರಿ, ನಮ್ಮ ಕಡೆಯ ಬಿಸಿಲಿನಲ್ಲಿ ಡಬ್ಬಿಯೊಳಗೆ 60 ಡಿಗ್ರಿ ಎಂದು ಹಿಡಿದರೆ ಅದೇ ಲೆಕ್ಕ 148ಕ್ಕೆ ಹೋಗುತ್ತದೆ. ಕೆಲಸದ ಮಿತಿ 125. ಅದನ್ನು ದಾಟಿ ಬಿಸಿ ಏರುತ್ತಲೇ ಹೋದರೆ ಐಸಿ ತನ್ನನ್ನು ಕಾಯ್ದುಕೊಳ್ಳಲು ತಾನೇ ಆಫ್ ಆಗುತ್ತದೆ; ತಾವು ಕಾಣುತ್ತಿರುವುದು ಬಹುಶಃ ಅದನ್ನೇ.

ಪ್ರತಿ ವ್ಯಾಟಿಗೆ 15 ಡಿಗ್ರಿಯ ಹೀಟ್‌ಸಿಂಕ್ ಹಾಕಿದರೆ, ಐಸಿಯ ಒಳಗಿನಿಂದ ಕವಚದವರೆಗಿನ 5 ಸೇರಿ 20 ಆಗುತ್ತದೆ. ಮಧ್ಯಾಹ್ನದಲ್ಲೂ 90ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಡಬ್ಬಿಯನ್ನು ನೆರಳಿಗೆ ಸರಿಸುವುದೂ ಕಡಿಮೆ ಉಪಾಯವಲ್ಲ.

ಪ್ರಶ್ನೆ:
ಲೆಕ್ಕ ತಿಳಿಯಿತು, ಸರ್. ಇನ್ನೊಂದು ಅನುಮಾನ: ಔಟ್‌ಪುಟ್ 4.86 ಬರುತ್ತಿದೆ, ಡೇಟಾಶೀಟ್‌ನಲ್ಲಿ 5.0 ಇದೆ.

ಉತ್ತರ:
5.0 ಎಂಬುದು ಟಿಪಿಕಲ್ (ಸಾಮಾನ್ಯವಾಗಿ ಬರುವ ಬೆಲೆ) ಕಾಲಮ್ಮಿನ ಅಂಕಿ. ತಯಾರಕರು ಖಾತರಿ ಕೊಡುವುದು ಅದರ ಎಡಬಲದ ಕನಿಷ್ಠ, ಗರಿಷ್ಠಗಳಿಗೆ. 25 ಡಿಗ್ರಿಯಲ್ಲಿ 4.8ರಿಂದ 5.2, ಇನ್‌ಪುಟ್ 7ರಿಂದ 20 ವೋಲ್ಟ್ ಇದ್ದಾಗ 4.75ರಿಂದ 5.25. ಆ ಷರತ್ತಿನ ಕಾಲಮ್ಮಿನಲ್ಲಿ 35 ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ತಮ್ಮ 4.86 ಮಿತಿಯೊಳಗೇ ಇದೆ, ಐಸಿ ಬದಲಿಸಬೇಡಿ.